ಹರಕೆಯ ಬೆಕ್ಕು

ಕಫ್ರ್ ಶೀಹಾ, ಸಕ್ಕಾರಾ ಪಕ್ಕ
ಜನವರಿ ೧೦, ೧೯೮೭

ವರ್ದಾಳ ಅಪ್ಪನಿಗೆ,

ನಾವೆಲ್ಲ ಕ್ಷೇಮ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಪಕ್ಕದ ಮನೆಯ ಉಮ್ ಫತ್ಹಿಯ ತಮ್ಮ ಕುವೈತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಬರೆಯಬೇಕಾದ್ದು ಯಾರೋ ಒಡೆದು ಓದುವಂಥದ್ದಲ್ಲ. ಗಿರ್ಗಿಸ್ ಅಣ್ಣ, ನಿಮಗೂ ಸಲಾಮು. ನೀವು ಓದಿ ಹೇಳದಿದ್ದರೆ, ನೀವು ಬರೆದುಕೊಡದಿದ್ದರೆ ನನ್ನ ಗಂಡನಿಗೆ ಗತಿಯಿಲ್ಲ, ಗೊತ್ತು. ಆದರೆ ಇದನ್ನು ಕೋಣೆಯ ಎಂಟು ಜನರ ನಡುವೆ ಓದಬೇಡಿ. ಮೆಟ್ಟಿಲ ಮೇಲೆ ಕೂತು ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಓದಿ.

ನಿಮ್ಮಣ್ಣ ಬಯ್ಯೂಮಿ ರೊಟ್ಟಿ ಒಲೆಯ ಕೋಣೆಯ ನೆಲ ಅಗೆಸುತ್ತಿದ್ದಾರೆ. ಊರವರಿಗೆ ಕಕ್ಕಸು ಗುಂಡಿ ಎಂದು ಹೇಳಿದ್ದಾಗಿದೆ. ಗುಂಡಿ ಈಗ ಇಬ್ಬರು ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಕಾಣದಷ್ಟು ಆಳವಾಗಿದೆ. 'ಏನೇ ಇನ್ಸಾಫ್, ನಿಮ್ಮನೆಯೋರಿಗೆ ಹೊಟ್ಟೆ ಅಷ್ಟೊಂದು ಕೆಟ್ಟಿದೆಯೇನೇ?' ಎಂದು ಉಮ್ ಫತ್ಹಿ ಕೇಳಿದಳು. ನಕ್ಕುಬಿಟ್ಟೆ. ಮರಳುಗುಡ್ಡದ ಬುಡದಲ್ಲಿ ಮನೆ ಇರುವವರು ಯಾರು ತಾನೇ ಒಮ್ಮೆಯಾದರೂ ನೆಲ ಕುಟ್ಟಿ ನೋಡಿಲ್ಲ! ಅಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಹೋದ ವಾರ ಬೆಕ್ಕುಗಳು ಸಿಕ್ಕವು. ಹಳೆಯ ಕಾಲದವರು ಬಟ್ಟೆ ಸುತ್ತಿಟ್ಟ ಬೆಕ್ಕುಗಳು, ಸೌದೆ ಒಟ್ಟಿದ ಹಾಗೆ ಒಂದರ ಮೇಲೊಂದು. ಅತ್ತೆ ಮೊದಲು ಬಾಯಿ ಬಡಿದುಕೊಂಡರು. ಒಲೆಗೆ ಹಾಕಿದರೆ ಚೆನ್ನಾಗಿ ಉರಿಯುತ್ತವೆ ಎಂದು ಗೊತ್ತಾದ ಮೇಲೆ ಸುಮ್ಮನಾದರು. ಆ ರೊಟ್ಟಿಯನ್ನು ನಾನು ಮುಟ್ಟಲಿಲ್ಲ. ನಿಮ್ಮ ಮಗಳಿದ್ದಾಳಲ್ಲ, ಅವಳು ಒಂದನ್ನು ಎತ್ತಿಕೊಂಡು ಬಂದು ಗೊಂಬೆ ಮಾಡಿಕೊಂಡಿದ್ದಾಳೆ. ತೊಡೆಯ ಮೇಲೆ ಹಾಕಿಕೊಂಡು ಲಾಲಿ ಬೇರೆ. ಅವಳ ನಿಜವಾದ ಬೆಕ್ಕು ಮಿಷ್ಮಿಷ್ ಅದನ್ನು ಕಂಡರೆ ಬೆನ್ನು ಡೊಂಕು ಮಾಡಿಕೊಂಡು ಬುಸುಗುಟ್ಟುತ್ತದೆ.

ಬೆಕ್ಕು ಸಿಕ್ಕಿದ್ದೇ ತಡ, ಭಾವ ಪಡುವಣ ದೇಶದ ಒಬ್ಬ ಶೇಖ್‌ನನ್ನು ಕರೆತಂದರು. ಜೊತೆಗೆ ಅವನ ಇಬ್ಬರು ಆಳುಗಳು. ಬೆಕ್ಕುಗಳು ಬರೀ ಹೊಸ್ತಿಲಂತೆ, ಕೆಳಗೆ ರಾಜನ ಕೋಣೆ ಇದೆಯಂತೆ, ಅದರ ಬಾಗಿಲಿಗೆ ಒಂದು ಜಿನ್ ಕಾವಲು ಕೂತಿದೆಯಂತೆ. ಕಾವಲಿಗೆ ಬೇಕಾದ್ದು ಕೊಟ್ಟರೆ ಬಾಗಿಲು ಬಿಡುತ್ತದಂತೆ. ಶೇಖ್ ಪಾರಿವಾಳದ ಗೂಡಿನ ಕೆಳಗಿನ ಕೋಣೆಯಲ್ಲಿ ಬೀಡುಬಿಟ್ಟಿದ್ದಾನೆ, ದಿನಾ ಬಾತುಕೋಳಿ ತಿನ್ನುತ್ತಾನೆ.

ನಿನ್ನೆ ವರ್ದಾ ಅವನಿಗೆ ಚಹಾ ಕೊಡಲು ಹೋದಾಗ ಅವಳ ಬಲಗೈ ಹಿಡಿದು ತಿರುಗಿಸಿ ನೋಡಿದ. ಅವಳ ಅಂಗೈಗೆ ಅಡ್ಡಲಾಗಿ ಒಂದೇ ಗೆರೆ ಹರಿದಿದೆಯಲ್ಲ, ಅದನ್ನು.

'ಈ ಮಗು ಯಾರ್ದು?' ಅಂದ.

'ನಂದೇ. ಮತ್ತೇನು, ಬೀದೀಲಿ ಬಿದ್ದಿತ್ತಾ?' ಅಂದೆ.

ಭಾವ ನನ್ನನ್ನು ದುರುಗುಟ್ಟಿ ನೋಡಿದರು. ಶೇಖ್ ನಕ್ಕು ಅವಳ ಕೈಗೆ ಒಂದು ಹಿಡಿ ಖರ್ಜೂರ ಹಾಕಿದ. ಯಾಕೋ ನನಗೆ ಆ ನಗು ಹಿಡಿಸಲಿಲ್ಲ. ನೀವು ನಿಮ್ಮಣ್ಣನಿಗೆ ಒಂದು ಮಾತು ಬರೆಯಿರಿ.

ನಿಮ್ಮ ದಾರಿ ಕಾಯುವ
ಇನ್ಸಾಫ್

*

ಕುವೈತ್
ಜನವರಿ ೨೯, ೧೯೮೭

ಇನ್ಸಾಫ್,

ನಿನ್ನ ಪತ್ರ ತಲುಪಿತು. ಗಿರ್ಗಿಸ್ ಮೆಟ್ಟಿಲ ಮೇಲೇ ಓದಿ ಹೇಳಿದ. ಅಗೆಯುವ ವಿಷಯ ನನಗೆ ಮೊದಲೇ ಗೊತ್ತು, ಅಣ್ಣ ಬರೆದಿದ್ದ. ನೀನು ಅಡ್ಡ ಬಾಯಿ ಹಾಕಬೇಡ. ನಿನ್ನ ನಾಲಿಗೆ ನಿನಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ, ಮೊದಲಿಂದಲೂ ಹಾಗೆಯೇ. ಶೇಖ್ ಮನೆಗೆ ಬಂದ ಅತಿಥಿ.

ಇಲ್ಲಿನ ಪಾಡು ನಿನಗೇನು ಗೊತ್ತು. ಬೆಳಗಾದರೆ ಗಾರೆ, ಸಂಜೆಯಾದರೆ ಗಾರೆ. ಸುಣ್ಣ ತಿಂದು ತಿಂದು ಬೆರಳ ತುದಿ ಒಡೆದಿದೆ, ರೊಟ್ಟಿ ಮುರಿದರೆ ಉರಿಯುತ್ತದೆ. ನಾಲ್ಕು ವರ್ಷದಿಂದ ನನ್ನ ಮಗಳ ಮುಖ ನೋಡಿಲ್ಲ. ಆ ಬಾಗಿಲೊಂದು ತೆರೆದರೆ ಮಾರನೇ ದಿನ ಕರಣೆ ಎಸೆದು ಊರಿಗೆ ಬರುತ್ತೇನೆ. ಆಮೇಲೆ ಯಾವ ದೇಶಕ್ಕೂ ಹೋಗುವುದಿಲ್ಲ, ಆಣೆ.

ವರ್ದಾ ಎಷ್ಟು ಬೆಳೆದಿದ್ದಾಳೋ ನೋಡಬೇಕು. ಅವಳ ಬಲಗೈಯನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸು. ಅಂಗೈಯ ಗೆರೆಯನ್ನೂ ಬರೆ.

ಶಹಾತಾ

ಅಕ್ಕಾ, ಬರೆದವನು ಗಿರ್ಗಿಸ್. ಹೋದ ಸಲ ನೀವು ಮುಲೂಖಿಯಾ ಸೊಪ್ಪಿನ ಸಾರಿನ ಬಗ್ಗೆ ಬರೆದದ್ದನ್ನು ಕೋಣೆಯಲ್ಲಿ ಓದಿದೆ. ಎಂಟೂ ಜನ ಆ ರಾತ್ರಿ ಒಣ ರೊಟ್ಟಿಯನ್ನು ನಿಮ್ಮ ಹೆಸರು ಹೇಳಿಕೊಂಡು ತಿಂದೆವು. ಅಂಥದ್ದನ್ನೇ ಬರೆಯುತ್ತಿರಿ.

*

ಕಫ್ರ್ ಶೀಹಾ
ಫೆಬ್ರವರಿ ೨೦, ೧೯೮೭

ವರ್ದಾಳ ಅಪ್ಪನಿಗೆ,

ಇದರ ಜೊತೆಗಿದೆ ನಿಮ್ಮ ಮಗಳ ಕೈ. ನೀವು ಕೇಳಿದಿರಿ ಎಂದು ಹೇಳಿದ್ದೇ ತಡ ಕುಣಿದಾಡಿಬಿಟ್ಟಳು. ಪೆನ್ಸಿಲ್ ಬೆರಳ ಸಂದಿಗೆ ಹೋದಾಗ ಕಚಗುಳಿಯಾಗಿ ಕೈ ಎಳೆದುಕೊಂಡಳು, ಅದಕ್ಕೇ ಕಿರುಬೆರಳು ಸೊಟ್ಟಗಿದೆ. ಮೂಲೆಯಲ್ಲಿರುವುದು ಗುಲಾಬಿ ಹೂವಂತೆ, ಅವಳೇ ಬರೆದದ್ದು. ನನಗೆ ಎಲೆಕೋಸಿನ ಹಾಗೆ ಕಾಣುತ್ತದೆ. ಗಿರ್ಗಿಸ್ ಅಣ್ಣ, ಈ ಸಾಲನ್ನು ಓದಬೇಡಿ, ಬಿಟ್ಟುಬಿಡಿ: ನೀವು ಕೈ ಕೇಳಿದ್ದು ಕಂಡು ನಾನು ಅತ್ತುಬಿಟ್ಟೆ. ಮಗಳನ್ನು ಮರೆತಿದ್ದಾರೆಂದು ಎಷ್ಟು ಸಲ ಒಳಗೊಳಗೇ ಬೈದುಕೊಂಡಿದ್ದೆ.

ಇಲ್ಲಿ ಧೂಳುಗಾಳಿ ಶುರುವಾಗಿದೆ. ಅಟ್ಟದ ಹುಲ್ಲೆಲ್ಲ ಬೀದಿಪಾಲು. ಗುಂಡಿಗೆ ಮೊದಲು ಒಂದು ಹುಂಜ ಹೋಯಿತು, ಆಮೇಲೆ ಒಂದು ಕರಿ ಮೇಕೆ. ಕಾವಲಿಗೆ ಸಮಾಧಾನವಾಗಿಲ್ಲವಂತೆ. ಒಲೆಯ ಕೋಣೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ, ತೋರಿಸಿದರೆ ಭಾವ ಅದಕ್ಕೆ ಸಗಣಿ ಮೆತ್ತಿಸಿದರು.

ನನ್ನ ತಲೆಬಿಸಿ ಬೇರೆ. ಶೇಖ್ ವರ್ದಾಳ ಬಗ್ಗೆ ಮನೆಯವರಿಗೆಲ್ಲ ಕಟ್ಟಳೆ ಹಾಕಿದ್ದಾನೆ. ಅವಳ ಕೂದಲು ಕತ್ತರಿಸಬಾರದು, ಉಗುರು ತೆಗೆಯಬಾರದು, ಹೊಡೆಯಬಾರದು, ಅಳಿಸಬಾರದು. ಮೈ ಮೇಲೆ ಒಂದು ತರಚು ಗಾಯ ಕೂಡ ಆಗಬಾರದು. ದಿನಾ ಗೋಧಿನುಚ್ಚು ತುಂಬಿದ ಪಾರಿವಾಳ, ಹಲ್ವಾ, ತುಪ್ಪ. ಅತ್ತೆ ಅವಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ. ಮದುವೆ ಹೆಣ್ಣಾಗಿ ಈ ಮನೆಗೆ ಬಂದಾಗ ನನಗೆ ಹಳಸಿದ ಉಪ್ಪಿನ ಗಿಣ್ಣು ಬಡಿಸಿದ ಹೆಂಗಸು ಇವರೇನಾ ಅನ್ನಿಸುತ್ತದೆ! ಮೊನ್ನೆ ಹಿಟ್ಟು ಚೆಲ್ಲಿದ್ದಕ್ಕೆ ಮಗಳ ಬೆನ್ನಿಗೊಂದು ಕೊಟ್ಟೆ. ಭಾವ ಓಡಿಬಂದು ನನ್ನ ಕೈ ಹಿಡಿದರು.

'ಅದನ್ನ ಮುಟ್ಟಬೇಡ. ಗುರುತು ಬೀಳುತ್ತೆ.'

ಮಕ್ಕಳಿಲ್ಲದ ಮನುಷ್ಯ, ದೊಡ್ಡಪ್ಪನ ಪ್ರೀತಿ ಉಕ್ಕಿರಬೇಕು ಅಂದುಕೊಂಡೆ. 'ಅವಳನ್ನ' ಅನ್ನಲಿಲ್ಲ, 'ಅದನ್ನ' ಅಂದರು. ಆಮೇಲೆ ನೆನಪಾಯಿತು.

ಮಿಷ್ಮಿಷ್ ಕಾಣಿಸುತ್ತಿಲ್ಲ. ವರ್ದಾಳಿಗೆ ಅಳಬೇಡ ಎಂದರೆ ಕೇಳುತ್ತಾಳೆಯೇ? ಅತ್ತೆ ಬಾಯಿಗೆ ಸಕ್ಕರೆ ತುರುಕುತ್ತಾರೆ.

ನಿಮ್ಮ
ಇನ್ಸಾಫ್

*

ಕುವೈತ್
ಮಾರ್ಚ್ ೮, ೧೯೮೭

ಇನ್ಸಾಫ್,

ಕೈ ತಲುಪಿತು. ದೊಡ್ಡದಾಗಿದೆ.

ಏಪ್ರಿಲ್‌ನಲ್ಲಿ ಬರುವ ಶಾಬಾನ್ ತಿಂಗಳ ಹುಣ್ಣಿಮೆಗೆ ಎಲ್ಲ ಮುಗಿಯುತ್ತದೆ ಎಂದು ಅಣ್ಣ ಬರೆದಿದ್ದಾನೆ. ವರ್ದಾಳ ಬೆರಳಿಂದ ಒಂದು ಹನಿ ರಕ್ತ ಬೇಕಂತೆ. ಸೂಜಿ ಚುಚ್ಚಿದಷ್ಟೇ. ಆ ಹೊತ್ತಿಗೆ ಅವಳ ಮುಖ ಕಾವಲಿಗೆ ಕಾಣಬಾರದು, ಹಾಗಾಗಿ ಬಟ್ಟೆ ಸುತ್ತಬೇಕಂತೆ. ಅಪ್ಪನ ತಾಯಿಯೇ ಸುತ್ತಬೇಕು, ಸುತ್ತಿದ ಮೇಲೆ ಗಂಡಸರು ಯಾರೂ ಬಿಚ್ಚಿ ನೋಡಬಾರದು ಎಂಬುದು ಕ್ರಮವಂತೆ. ಅಮ್ಮ ಇರುತ್ತಾಳಲ್ಲ, ಭಯವೇನು? ಹೂಂ ಅಂದಿದ್ದೇನೆ. ಒಂದು ಹನಿಗೆ ನೀನು ರಂಪ ಮಾಡಬೇಡ.

ಶಹಾತಾ

*

ಕಫ್ರ್ ಶೀಹಾ
ಮಾರ್ಚ್ ೨೨, ೧೯೮೭

ವರ್ದಾಳ ಅಪ್ಪನಿಗೆ,

ನಿಮ್ಮ ಪತ್ರ ಮೊನ್ನೆ ಬಂತು. ಅದಕ್ಕೆ ಉತ್ತರ ಬರೆಯುವ ಮೊದಲು ನಾನು ನಿನ್ನೆ ಕಂಡದ್ದನ್ನು ಹೇಳುತ್ತೇನೆ. ತಾಳ್ಮೆಯಿಂದ ಕೇಳಿ.

ವರ್ದಾಳ ಶಾಲೆಯವರು ಮಕ್ಕಳನ್ನು ಕೈರೋದ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಪ್ರಾಣಿಗಳ ಮಮ್ಮಿಗಳನ್ನೆಲ್ಲ ಒಂದು ಕಡೆ ಸೇರಿಸಿ ಹೊಸದಾಗಿ ಪ್ರದರ್ಶನ ಇಟ್ಟಿದ್ದಾರೆ. ತಾಯಂದಿರೂ ಬರಬಹುದು ಎಂದಿದ್ದರು ಅವಳ ಟೀಚರ್. ಭಾವ ಬೇಡವೇ ಬೇಡ ಎಂದರು, ಬಸ್ಸಿನಲ್ಲಿ ಮಗುವಿಗೆ ಏಟಾದರೆ ಎಂದು. ನನಗೆ ಮೂಗಿನ ತುದಿಗೇ ಕೋಪ ಬಂತು. ನನ್ನ ಮಗಳನ್ನು ಶಾಲೆಯ ಬಸ್ಸು ಹತ್ತಿಸಲು ಇವರ ಅಪ್ಪಣೆ ಬೇಕೇ? ಅವರು ಹೊಲಕ್ಕೆ ಹೋದ ಹೊತ್ತು ನೋಡಿ ಹೊರಟುಬಿಟ್ಟೆ. ಉಮ್ ಫತ್ಹಿಯೂ ಮೊಮ್ಮಗನ ನೆಪದಲ್ಲಿ ಬಂದಳು.

ಕತ್ತಲೆ ಕತ್ತಲೆ ಕೋಣೆ, ಗಾಜಿನ ಪೆಟ್ಟಿಗೆಗಳಿಗೆ ಮಾತ್ರ ದೀಪ. ಮೊಸಳೆ, ನಾಯಿ, ಗಿಡುಗ, ಹೂಜಿಯೊಳಗೆ ಕೂರಿಸಿದ ಉದ್ದ ಕೊಕ್ಕಿನ ಹಕ್ಕಿ. ಮಕ್ಕಳೆಲ್ಲ ಮೊಸಳೆಯ ಹಲ್ಲು ಎಣಿಸುತ್ತಿದ್ದರು. ಅಷ್ಟರಲ್ಲಿ ವರ್ದಾ ಕಿರುಚಿದಳು, 'ಅಮ್ಮಾ, ನಮ್ಮನೆ ಗೊಂಬೆ!' ತಟ್ಟನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಟೀಚರ್ ತಿರುಗಿ ನೋಡಿದರು. 'ಗೊಂಬೆ ಥರಾ ಇದೆ ಅಂತಾಳೆ' ಎಂದು ಉಮ್ ಫತ್ಹಿಯೇ ಮಾತು ಹಾರಿಸಿದಳು. ಅವಳಿಗೆ ಎಲ್ಲ ಗೊತ್ತು. ಕಕ್ಕಸು ಗುಂಡಿಯ ಕಥೆಯನ್ನು ಅವಳು ಯಾವತ್ತೂ ನಂಬಿರಲಿಲ್ಲ.

ಬೆಕ್ಕುಗಳು. ಸಾಲಾಗಿ, ಬಟ್ಟೆಯ ಮೇಲೆ ಮುಖ ಬರೆದು, ಕಿವಿ ನಿಮಿರಿಸಿ. ಅಲ್ಲಿ ವಿವರಿಸಲು ಒಬ್ಬ ಹುಡುಗಿ ಇದ್ದಳು, ಕನ್ನಡಕದವಳು.

'ಇವು ಸತ್ತ ಬೆಕ್ಕುಗಳಲ್ಲ ಮಕ್ಕಳೇ, ಸಾಯಿಸಿದ ಬೆಕ್ಕುಗಳು,' ಅಂದಳು. 'ಗುಡೀಲೇ ಸಾಕ್ತಿದ್ರು. ಚೆನ್ನಾಗಿ ಹಾಲು, ಮೀನು ಹಾಕಿ ಬೆಳೆಸ್ತಿದ್ರು. ಹರಕೆ ಹೊತ್ತವರು ಬಂದು ಕೇಳಿದಾಗ ಕತ್ತು ತಿರುವಿ, ಬಟ್ಟೆ ಸುತ್ತಿ ಕೊಡೋರು. ಬೆಕ್ಕು ಅವರ ಬೇಡಿಕೇನ ದೇವರ ಹತ್ರ ತಗೊಂಡು ಹೋಗುತ್ತೆ ಅಂತ ನಂಬಿಕೆ.'

ಗೋಡೆಯ ಮೇಲೆ ಎಕ್ಸ್‌ರೇ ಚಿತ್ರ ಹಾಕಿ ಹಿಂದಿನಿಂದ ದೀಪ ಹಚ್ಚಿದ್ದರು. ಮರಿ ಬೆಕ್ಕು. ಕತ್ತಿನ ಮೂಳೆ ಪಕ್ಕಕ್ಕೆ ಸರಿದಿತ್ತು.

ನಮ್ಮ ವರ್ದಾ ಕೈ ಎತ್ತಿ ಕೇಳಿದಳು, 'ಹಾಲು ಹಾಕಿದೋರೇ ಸಾಯಿಸಿದ್ರಾ?'

'ಹೌದು ಪುಟ್ಟೀ, ಅವರೇ.'

'ಬೆಕ್ಕಿಗೆ ಗೊತ್ತಿತ್ತಾ?'

ಆ ಹುಡುಗಿ ಮಕ್ಕಳನ್ನು ಪಕ್ಕದ ಪೆಟ್ಟಿಗೆಗೆ ಕರೆದುಕೊಂಡು ಹೋದಳು. ಅಲ್ಲಿ ಎಲ್ಲಕ್ಕಿಂತ ಅಂದವಾದ ಒಂದು ಗಂಟು, ಬಟ್ಟೆಯನ್ನು ಚಾಪೆ ಹೆಣೆದ ಹಾಗೆ ಸುತ್ತಿದ್ದರು. ಒಳಗೆ ಬೆಕ್ಕೇ ಇಲ್ಲವಂತೆ! ಬರೀ ಮಣ್ಣು, ಜೊಂಡು, ಒಂದಿಷ್ಟು ಹುಲ್ಲು. ಸುತ್ತಿದ್ದನ್ನು ಕೊಂಡವರು ಬಿಚ್ಚಿ ನೋಡುವ ಹಾಗಿರಲಿಲ್ಲ, ಹಾಗಾಗಿ ಪೂಜಾರಿಗಳು ಮೋಸ ಮಾಡುತ್ತಿದ್ದರಂತೆ. 'ನಮ್ಮೂರ ಕಸಾಯಿಯವನ ಮುತ್ತಾತನೇ ಇರಬೇಕು' ಎಂದಳು ಉಮ್ ಫತ್ಹಿ. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆಗ ಆ ಹುಡುಗಿ ಗಂಟಿನ ಮೇಲಿದ್ದ ಕಪ್ಪು ಅಕ್ಷರ ತೋರಿಸಿದಳು. 'ಇದು ಹರಕೆ ಕೊಟ್ಟವನ ಹೆಸರು. ಯಾರು ಕೊಟ್ರು ಅಂತ ದೇವರಿಗೆ ತಿಳೀಬೇಕಲ್ಲ. ಅದನ್ನ ತನ್ನದು ಅನ್ನೋನು ತಾನಾಗಿ ಕೊಡಬೇಕಿತ್ತು.'

ನನ್ನ ನಗು ಅಲ್ಲೇ ನಿಂತಿತು. ವರ್ದಾ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಕೆನ್ನೆ ತುಂಬಿಕೊಂಡಿದೆ, ಕತ್ತರಿಸದ ಕೂದಲು ಬೆನ್ನು ಮುಟ್ಟಿದೆ, ಮೈ ಮೇಲೆ ಒಂದು ಗೀರಿಲ್ಲ. ಹಾಲು ಹಾಕಿದವರು ಯಾರು, ನೀವೇ ಹೇಳಿ! ಮೊಸಳೆಯ ಪೆಟ್ಟಿಗೆ ಹಿಡಿದುಕೊಂಡು ನಿಂತೆ.

ಮನೆಗೆ ಬಂದಾಗ ಭಾವ ಬಾಗಿಲಲ್ಲೇ ಕಾಯುತ್ತಿದ್ದರು. ಬೈಯಲಿಲ್ಲ. ವರ್ದಾಳ ಕೈ ಕಾಲು ತಿರುಗಿಸಿ ನೋಡಿ ಒಳಗೆ ಬಿಟ್ಟರು. ಅವರ ಕಂಕುಳಲ್ಲಿ ಒಂದು ಸುರುಳಿ ಹೊಸ ಬಿಳಿ ಬಟ್ಟೆ ಇತ್ತು.

'ಯಾರಿಗೆ ಭಾವ ಇದು?'

'ಆ ಬೆಕ್ಕುಗಳನ್ನ ಮತ್ತೆ ಸುತ್ತಿಡೋಕೆ.'

ಅರ್ಧ ಬೆಕ್ಕುಗಳನ್ನು ಒಲೆಗೆ ಹಾಕಿ ಸುಟ್ಟವರು ಇನ್ನರ್ಧಕ್ಕೆ ಬಟ್ಟೆ ತರುತ್ತಾರೆಯೇ? ಅವರು ನಮಾಜಿಗೆ ಹೋದಾಗ ಒಲೆಯ ಕೋಣೆಗೆ ನುಗ್ಗಿದೆ. ಗುಂಡಿಯ ಅಂಚಿನಲ್ಲಿ ಒಂದು ಪುಟ್ಟ ಗಂಟು. ಬಟ್ಟೆ ಹೊಸದು. ಬಿಚ್ಚಿದೆ. ಮಿಷ್ಮಿಷ್. ಕತ್ತು ಹಿಂದಕ್ಕೆ ತಿರುಗಿತ್ತು. ಕೈ ಕಲಿತುಕೊಳ್ಳಲು ಮಾಡಿ ನೋಡಿದ್ದಾರೆ.

ನೀವು ಬರೆದ ಒಂದು ಹನಿಯನ್ನು ನಾನು ನಂಬುವುದಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ, ನಿಮ್ಮಣ್ಣನಿಗೆ ತಂತಿ ಕೊಡಿ. 'ನನ್ನ ಮಗಳನ್ನು ಮುಟ್ಟಬೇಡ' ಎಂದರೆ ಸಾಕು. ನಿಮ್ಮದೊಂದು ಮಾತಿಗೆ ಅವರು ನಿಲ್ಲಿಸುತ್ತಾರೆ. ನನಗೆ ತವರೂ ಇಲ್ಲ, ಇಲ್ಲಿ ನನ್ನ ಮಾತು ನಡೆಯುವುದೂ ಇಲ್ಲ. ಹುಣ್ಣಿಮೆಗೆ ಮೊದಲು ತಲುಪುವಂತೆ ಕೊಡಿ.

ಇನ್ಸಾಫ್

*

ಕುವೈತ್
ಏಪ್ರಿಲ್ ೫, ೧೯೮೭

ಇನ್ಸಾಫ್,

ನಿನ್ನ ಪತ್ರ ಕೇಳಿ ಬೇಸರವಾಯಿತು. ಮ್ಯೂಸಿಯಂನಲ್ಲಿ ಯಾರೋ ಹುಡುಗಿ ಹೇಳಿದ ಕಥೆಗೆ ನೀನು ನನ್ನ ಒಡಹುಟ್ಟಿದವನನ್ನು ಕೊಲೆಗಾರ ಮಾಡಿಬಿಟ್ಟೆ. ಅಣ್ಣ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ತಂತಿ ಕೊಡುವುದಿಲ್ಲ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಮನೆಗೇ ಕೇಡು ಎಂದು ಶೇಖ್ ಹೇಳಿದ್ದಾನೆ.

ನೀನು ಆ ರಾತ್ರಿ ಮನೆಯಲ್ಲಿರಬೇಡ. ಉಮ್ ಫತ್ಹಿಯ ಮನೆಯಲ್ಲಿ ಮಲಗು. ಹೆತ್ತವಳ ಕಣ್ಣು ಬೀಳಬಾರದಂತೆ. ಬೆಳಗಾದ ಮೇಲೆ ಯಾರನ್ನೂ ಏನೂ ಕೇಳಬೇಡ. ನಾನೂ ಕೇಳುವುದಿಲ್ಲ.

ನಾನು ಬೇಗ ಬರುತ್ತೇನೆ. ನಾವಿನ್ನೂ ಚಿಕ್ಕವರು. ದೇವರು ದೊಡ್ಡವನು, ಮುಂದೆ ಗಂಡು ಮಗುವನ್ನೇ ಕೊಡುತ್ತಾನೆ.

ಶಹಾತಾ

ಅಕ್ಕಾ, ನಾನು ಗಿರ್ಗಿಸ್. ಮೇಲಿನದು ಅವನು ಹೇಳಿದ್ದು. ಇದು ನಾನು ಬರೆಯುತ್ತಿರುವುದು, ಅವನು ಬೀಡಿ ಸೇದಲು ಆಚೆ ಹೋಗಿದ್ದಾನೆ. ನಿಮ್ಮ ಭಾವನ ಪತ್ರಗಳನ್ನು ಅವನಿಗೆ ಓದಿ ಹೇಳಿದವನೂ ನಾನೇ. ಒಂದು ಹನಿ ಎಂದು ಅವುಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಮಗುವಿನ ಕೈಯ ಚಿತ್ರವನ್ನು ಅವನು ಇಟ್ಟುಕೊಳ್ಳಲಿಲ್ಲ. ಅಂಗೈಯಲ್ಲಿ ಒಂದೇ ಗೆರೆಯಿರುವ ಮಗುವನ್ನು ಅಪ್ಪ ತಾನಾಗಿ ಕೊಟ್ಟರೆ ಮಾತ್ರ ಕಾವಲು ಒಪ್ಪುತ್ತದೆ, ಅಂಗೈ ಬರೆಸಿ ಅದರ ಮೇಲೆ ಹೆಬ್ಬೆಟ್ಟು ಒತ್ತಿ ಕಳಿಸು ಎಂದು ನಿಮ್ಮ ಭಾವ ಬರೆದಿದ್ದ. ಶಹಾತಾ ಮೊದಲು ಊಟ ಬಿಟ್ಟ, ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಆಮೇಲೆ ಒತ್ತಿ ಊರಿಗೆ ಕಳಿಸಿದ. ಮಸಿಯ ಡಬ್ಬಿ ಹಿಡಿದವನು ನಾನು, ನನ್ನ ಕೈಗೆ ಹುಳ ಬೀಳಲಿ. ಯೋಚಿಸುತ್ತ ಕೂರಬೇಡಿ ಅಕ್ಕಾ. ಮಗಳನ್ನು ಕರೆದುಕೊಂಡು ಹೊರಟುಬಿಡಿ. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ತಡವಾಗದಿರಲಿ ಎಂದು ಮೇರಿಯಮ್ಮನಿಗೆ ಮೇಣದಬತ್ತಿ ಹಚ್ಚಿದ್ದೇನೆ.

*

ಮೇ ೩, ೧೯೮೭

ಶಹಾತಾ,

ಗಿರ್ಗಿಸ್ ಅಣ್ಣ, ಈ ಸಲ ಮೆಟ್ಟಿಲ ಮೇಲೆ ಕೂತು ಓದಬೇಡಿ. ಕೋಣೆಯಲ್ಲಿ, ಎಂಟೂ ಜನ ಊಟಕ್ಕೆ ಕೂತಾಗ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ.

ನಿನ್ನ ಪತ್ರ ನನಗೆ ಸಿಕ್ಕಿದ್ದು ಹುಣ್ಣಿಮೆಯ ದಿನವೇ, ಮಧ್ಯಾಹ್ನ. ಉಮ್ ಫತ್ಹಿಯ ಜಗಲಿಯಲ್ಲಿ ಓದಿದೆ. ಗಂಡು ಮಗುವಿನ ಸಾಲಿಗೆ ಬಂದಾಗಲೂ ಅಳು ಬರಲಿಲ್ಲ. ಇಷ್ಟು ವರ್ಷ ನಿನಗೋಸ್ಕರ ಅತ್ತದ್ದೆಲ್ಲ ದಂಡ.

ಮನೆಗೆ ಬಂದೆ. ಗಂಡಸರೆಲ್ಲ ಗುಂಡಿಯೊಳಗೆ ಇದ್ದರು, ಗುದ್ದಲಿಯ ಸದ್ದು ಕೇಳುತ್ತಿತ್ತು. ನಿನ್ನ ಅಮ್ಮ ಅಂಗಳದಲ್ಲಿ ಸೋಂಪು ಕುದಿಸುತ್ತಿದ್ದರು, ಅದಕ್ಕೆ ಶೇಖ್ ಕೊಟ್ಟ ಪುಡಿ ಹಾಕಿ. ವರ್ದಾ ಪಕ್ಕದಲ್ಲಿ ಕೂತು ಲೋಟ ಹಿಡಿದುಕೊಂಡು ಕಾಯುತ್ತಿದ್ದಳು.

'ನಿದ್ದೆ ಬರೋಕೆ ಕಣೇ,' ಎಂದರು ನಿನ್ನ ಅಮ್ಮ. 'ಸೂಜಿ ಚುಚ್ಚಿದ್ದು ಕೂಸಿಗೆ ಗೊತ್ತಾಗಬಾರದು ನೋಡು.'

'ಅತ್ತೆ, ಇದನ್ನ ಕೇಳಿ' ಎಂದು ಗಿರ್ಗಿಸ್ ಅಣ್ಣ ಬರೆದದ್ದನ್ನು ಅವರ ಕಿವಿಯ ಹತ್ತಿರ ಓದಿದೆ. ಅವರು ವರ್ದಾಳ ಕೈಯಿಂದ ಲೋಟ ತೆಗೆದಿಟ್ಟರು. ಆಮೇಲೆ ಪಾತ್ರೆಯನ್ನು ಬೂದಿಗೆ ಸುರಿದರು.

'ಶಹಾತಾನೂ ಒತ್ತಿದ್ನಾ?'

'ಒತ್ತಿದ್ರು.'

'ನನ್ನ ಹೊಟ್ಟೆ ಉರಿದುಹೋಗಲಿ,' ಎಂದರು. 'ಎರಡೂ ನಾನೇ ಹೆತ್ತದ್ದು.'

ಎದ್ದು ಹೋಗಿ ಹಿಟ್ಟಿನ ಪೆಟ್ಟಿಗೆಯಿಂದ ಆ ಬಿಳಿ ಬಟ್ಟೆಯ ಸುರುಳಿ ತಂದರು. ಅದರೊಳಗೆ ಮಡಚಿಟ್ಟ ಕಾಗದ ಇತ್ತು. ಸೊಟ್ಟ ಕಿರುಬೆರಳು, ಮೂಲೆಯಲ್ಲಿ ಎಲೆಕೋಸಿನಂಥ ಗುಲಾಬಿ. ಅಂಗೈಯ ಗೆರೆಯ ಮೇಲೆ ನೀಲಿ ಮಸಿಯಲ್ಲಿ ನಿನ್ನ ಹೆಬ್ಬೆಟ್ಟು. ನಿನ್ನ ಬೆರಳು ಒಡೆದಿದೆ ಎಂದು ಬರೆದಿದ್ದೆಯಲ್ಲ, ಆ ಬಿರುಕು ಕೂಡ ಚೆನ್ನಾಗಿ ಮೂಡಿದೆ.

ನಾನು ಮ್ಯೂಸಿಯಂನಲ್ಲಿ ಕಂಡ ಕೊನೆಯ ಗಂಟಿನ ಬಗ್ಗೆ ಹೇಳಿದೆ. ಅಷ್ಟೇ ಸಾಕಾಯಿತು ಅವರಿಗೆ. ಇಬ್ಬರೂ ಸೇರಿ ಅಂಗಳದ ಒಲೆಯ ಬುಡದ ಮಣ್ಣನ್ನು ಒದ್ದೆ ಮಾಡಿ ಮಿದ್ದೆವು. ಕೈಕಾಲಿಗೆ ಖರ್ಜೂರದ ಗರಿಯ ದಂಟು, ಹೊಟ್ಟೆಗೆ ಒಣಹುಲ್ಲು. ವರ್ದಾಳ ಹಸಿರು ಉಡುಪು ತೊಡಿಸಿದೆವು. ಅವಳು ಇದೂ ಒಂದು ಗೊಂಬೆಯಾಟ ಎಂದುಕೊಂಡು ತಲೆಗೆ ಮಣ್ಣು ತಟ್ಟಿಕೊಟ್ಟಳು. ನಿನ್ನ ಅಮ್ಮ ಬಟ್ಟೆ ಸುತ್ತಿದರು. ಊರಿನ ಹೆಣಗಳನ್ನೆಲ್ಲ ಸುತ್ತಿದ ಕೈ ಅದು, ಒಂದು ಮಡಿಕೆ ತಪ್ಪಲಿಲ್ಲ. ಒಲೆಯ ಮಣ್ಣಾದ್ದರಿಂದ ಗಂಟು ಬೆಚ್ಚಗೇ ಇತ್ತು. ಅದರ ಮೇಲೆ ನಾನು ಇದ್ದಿಲಿನಲ್ಲಿ ನಿನ್ನ ಹೆಸರು ಬರೆದೆ. ಕೊಟ್ಟವರು ಯಾರೆಂದು ತಿಳಿಯಬೇಕಲ್ಲ.

'ನೀವೂ ಬನ್ನಿ ಅತ್ತೆ,' ಎಂದೆ.

'ನಾನು ಬಂದ್ರೆ ಗಂಟು ಕೊಡೋರು ಯಾರೇ? ನಡಿ. ತಿರುಗಿ ನೋಡಿದ್ರೆ ನನ್ನಾಣೆ.'

ಮದುವೆಯಾಗಿ ಬಂದ ಮೇಲೆ ಮೊದಲ ಸಲ ಆ ಹೆಂಗಸಿನ ಕೈಗೆ ಮುತ್ತಿಟ್ಟೆ. ಬುಟ್ಟಿಯಲ್ಲಿ ರೊಟ್ಟಿ ತುಂಬಿಸಿಕೊಂಡು, ಮಾರುವವಳ ಹಾಗೆ, ಮಗಳ ಕೈ ಹಿಡಿದು ಹಗಲಲ್ಲೇ ಊರ ನಡುವೆ ನಡೆದು ಬಂದೆ. ಯಾರೂ ನಮ್ಮತ್ತ ಗಮನ ಕೊಡಲಿಲ್ಲ.

ಮುಂದಿನದು ನಿನಗೆ ತಲುಪಿರಬಹುದು. ನನಗೆ ಸುದ್ದಿ ಹೇಗೆ ಬಂತೆಂದು ಬರೆಯುವುದಿಲ್ಲ. ನಿನ್ನ ಅಮ್ಮನ ಕೈಯಿಂದ ಗಂಟನ್ನು ಇಸಿದುಕೊಂಡು, ಎದೆಗೆ ಅವುಚಿಕೊಂಡು, ನಿನ್ನಣ್ಣ ತಾನೇ ಕೆಳಗಿಳಿದನಂತೆ. ಅಳುತ್ತ ಇಳಿದನಂತೆ. ಅತ್ತನೆಂದು ಕೇಳಿ ನನಗೆ ಕನಿಕರ ಬರಲಿಲ್ಲ, ಬೇಕಾದರೆ ನನ್ನನ್ನು ಕಲ್ಲು ಹೃದಯದವಳು ಅನ್ನು. ಗಂಟನ್ನು ಇಟ್ಟು, ಬಾಗಿಲು ತೆರೆಯಲೆಂದು ಗುಂಡಿಯ ಗೋಡೆಗೆ ಹಾರೆ ಹಾಕಿದನಂತೆ, ಒಲೆಯ ಕೋಣೆ ಪೂರ್ತಿ ಅವನ ಮೇಲೆ ಕುಸಿಯಿತಂತೆ. ಬಾಗಿಲು ಮುಟ್ಟಿದ್ದಕ್ಕೆ ಕಾವಲು ಮುನಿಯಿತು ಎಂದು ಊರೆಲ್ಲ ಮಾತಾಡುತ್ತಿದೆಯಂತೆ. ಮಣ್ಣಿನ ಮನೆ, ಬುಡ ತೋಡಿದರು, ಬಿತ್ತು. ನಾನು ಬಿರುಕು ತೋರಿಸಿದಾಗ ಸಗಣಿ ಮೆತ್ತಿದವನು ಅವನೇ. ಅವನ ಹೆಣವನ್ನು ಹೊರಗೆ ತೆಗೆದಾಗ ಆ ಗಂಟು ಅವನ ಮಗ್ಗುಲಲ್ಲೇ ಇತ್ತಂತೆ, ಬಿಚ್ಚದೆ. ಮಗುವಿನ ಹೆಣ ಎಂದುಕೊಂಡು ಊರವರು ಅದನ್ನೂ ಮಣ್ಣು ಮಾಡಿ ನಮಾಜು ಮಾಡಿದರಂತೆ. ನಿನ್ನ ಅಮ್ಮ ಬಾಯಿ ಬಿಡಲಿಲ್ಲ. ಬಿದ್ದ ಮನೆಯ ಮುಂದೆ ಬೀದಿಯಲ್ಲಿ ಕೂತಿದ್ದಾರಂತೆ.

ಹಾಗಾಗಿ ಊರಿನ ಲೆಕ್ಕದಲ್ಲಿ ನಿನ್ನ ಮಗಳು ಸತ್ತಿದ್ದಾಳೆ. ಅದು ಹಾಗೆಯೇ ಇರಲಿ.

ಗೋಡೆ ಕುಸಿದ ಹೊತ್ತಿಗೆ ಶೇಖ್ ಗುಂಡಿಯಲ್ಲಿರಲಿಲ್ಲ. ಆಳುಗಳ ಜೊತೆ ಆ ರಾತ್ರಿಯೇ ಓಡಿದ, ಎಲ್ಲೂ ಸಿಕ್ಕಿಲ್ಲ. ಮೊನ್ನೆ ಇಲ್ಲಿನ ಸಂತೆಯಲ್ಲಿ ಒಬ್ಬ ಮುದುಕ ಮಕ್ಕಳಿಗೆ ಖರ್ಜೂರ ಹಂಚುತ್ತಿದ್ದ. ಅವನಲ್ಲ, ಬೇರೆ ಯಾರೋ. ಆದರೂ ವರ್ದಾಳನ್ನು ಎಳೆದುಕೊಂಡು ಬಂದುಬಿಟ್ಟೆ.

ನೀನು ಊರಿಗೆ ಬರುತ್ತೀಯಂತೆ, ಸುದ್ದಿ ಬಂತು. ಬಾ, ನಿನ್ನ ಅಮ್ಮನನ್ನು ನೋಡಿಕೋ. ನನ್ನನ್ನು ಹುಡುಕಬೇಡ. ಹಾಳೆಯ ಮೇಲ್ಗಡೆ ಊರಿನ ಹೆಸರು ಹಾಕಿಲ್ಲ ಎಂದು ಗಿರ್ಗಿಸ್ ಅಣ್ಣ ಆಗಲೇ ನೋಡಿರುತ್ತಾರೆ. ಅಣ್ಣಾ, ನಿಮ್ಮ ಕೈಗೆ ಹುಳ ಬೀಳುವುದು ಬೇಡ. ಆ ಕೈ ಬರೆದ ನಾಲ್ಕು ಸಾಲು ನನ್ನ ಮಗಳನ್ನು ಉಳಿಸಿತು.

ಆ ಕೈಯ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ನೀನು ಕೇಳಿ ತರಿಸಿಕೊಂಡದ್ದು, ನಿನ್ನ ಹತ್ತಿರವೇ ಇರಲಿ. ವರ್ದಾಳ ಕೈ ಈಗ ಅದಕ್ಕಿಂತ ದೊಡ್ಡದಾಗಿದೆ. ಅವಳಿಗೆ ಕೂದಲು ಕತ್ತರಿಸಿದ್ದೇನೆ. ಹೊಸ ಜಾಗದಲ್ಲಿ ಮೊದಲ ದಿನವೇ ಬಿದ್ದು ಮೊಣಕಾಲು ತರಚಿಕೊಂಡಳು, ಆ ಗಾಯ ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದು ನಿನಗೆ ಅರ್ಥವಾಗದು. ಅಂಗೈಯ ಗೆರೆ ಯಾರಿಗೂ ಕಾಣದಂತೆ ಬೀದಿಯಲ್ಲಿ ಬಲಗೈ ಮುಷ್ಟಿ ಕಟ್ಟಿ ನಡೆಯುವುದನ್ನು ಕಲಿಸಿದ್ದೇನೆ. ಬೇಗ ಕಲಿತಳು. ಈಗ ನಿದ್ದೆಯಲ್ಲೂ ಬಿಚ್ಚುವುದಿಲ್ಲ. ನಾನು ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಬಿಡಿಸುತ್ತೇನೆ, ಕೈ ತೆಗೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ.

ವರ್ದಾಳ ಅಮ್ಮ